ಹೊನ್ನಪ್ಪನವರು ಸೋತಿದ್ದು ಯಾಕೆ

ಹೋದ ತಿಂಗಳು ವಿಜಯನಗರದ ಒಂದು ಛತ್ರದಲ್ಲಿ ಸಹೋದ್ಯೋಗಿಯೊಬ್ಬರ ಮಗಳ ಆರತಕ್ಷತೆ ಇತ್ತು. ನಾನು ಬೇಗನೇ ಹೋಗಿಬಿಟ್ಟಿದ್ದೆ. ಕೆಳಗೆ ಇನ್ನೂ ಕುರ್ಚಿ ಜೋಡಿಸುತ್ತಿದ್ದರು. ಗದ್ದಲ ಬೇಡವೆಂದು ಮಹಡಿ ಹತ್ತಿ, ಯಾರೂ ಬಳಸದೆ ಬಿಟ್ಟಿದ್ದ ಮೂಲೆಯ ಕೋಣೆಯ ಬಾಗಿಲು ತಳ್ಳಿದೆ. ಫಿನಾಯಿಲ್, ಹಳೆಯ ಸಾರು, ಬಾಡಿದ ಚೆಂಡುಹೂವು, ಮೂರೂ ಬೆರೆತ ಒಂದು ವಾಸನೆ ಮುಖಕ್ಕೆ ಬಂತು. ಜನ ತುಂಬಿದ ಛತ್ರದಲ್ಲಿ ಈ ವಾಸನೆ ಇರುವುದಿಲ್ಲ. ಮದುವೆಗಳಿಲ್ಲದ ತಿಂಗಳಲ್ಲಿ, ಇಲ್ಲವೇ ಹೀಗೆ ಬಳಸದೆ ಬಿಟ್ಟ ಕೋಣೆಯಲ್ಲಿ ಮಾತ್ರ ಅದು ಗೋಡೆಗಳಿಂದ ಹೊರಗೆ ಬರುತ್ತದೆ. ನನಗೆ ಅದು ಗೊತ್ತಿರುವುದು ಏಕೆಂದರೆ ಒಂದು ಇಡೀ ಆಷಾಢವನ್ನು ನಾನು ಇದೇ ಕೋಣೆಯಲ್ಲಿ ಕಳೆದಿದ್ದೆ. ಒಬ್ಬ ಮನುಷ್ಯ ಚುನಾವಣೆಯಲ್ಲಿ ಯಾಕೆ ಸೋತ ಎಂದು ಬಂದವರೆಲ್ಲ ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು.

ಎರಡು ಸಾವಿರದ ಮೊದಲ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಕಾರ್ಡ್ ರೋಡಿನಲ್ಲಿ ಮೆಟ್ರೋ ಕಂಬಗಳು ಇನ್ನೂ ಎದ್ದಿರಲಿಲ್ಲ, ಏಳುತ್ತವೆ ಎಂಬ ಸುದ್ದಿಗೇ ಅಂಗಡಿಗಳ ಬಾಡಿಗೆ ಏರಿತ್ತು. ನಾನು ಬಸವೇಶ್ವರನಗರದ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಇತಿಹಾಸವೆಂದರೆ ಪಿಯುಸಿ ಮಕ್ಕಳಿಗೆ ಮುಖ್ಯವಾಗಿ ಕಾರಣಗಳು. ಮಹಾಯುದ್ಧಕ್ಕೆ ಕಾರಣಗಳು, ಮೊಘಲರ ಅವನತಿಗೆ ಕಾರಣಗಳು. ಒಂದೊಂದು ಕಾರಣಕ್ಕೂ ಒಂದೊಂದು ಉಪಶೀರ್ಷಿಕೆ, ಕೆಳಗೆ ಎರಡು ಸಾಲಿನ ವಿವರಣೆ. ಹಾಗೆ ಬರೆದರೆ ಪೂರ್ತಿ ಅಂಕ. ನಾನೂ ಹಾಗೆಯೇ ಬರೆದು ಪಾಸಾಗಿ ಬಂದವಳು.

ಆ ವರ್ಷ ಬೇಸಿಗೆಯ ಚುನಾವಣೆಯಲ್ಲಿ ನಮ್ಮ ಭಾಗದ ಶಾಸಕ ಹೊನ್ನಪ್ಪನವರು ಸೋತರು. ಅವರ ಪಕ್ಷದ ಹೆಸರು ಇಲ್ಲಿ ಬೇಡ. ಯಾವ ಪಕ್ಷವಾಗಿದ್ದರೂ ನಡೆಯುತ್ತಿದ್ದುದು ಇದೇ. ಗೆಲ್ಲುವುದು ಖಂಡಿತ ಎಂದು ಪಟಾಕಿ ತಂದಿಟ್ಟುಕೊಂಡಿದ್ದ ಕ್ಷೇತ್ರ ಅದು. ಸೋತದ್ದು ಬಹಳ ಕಡಿಮೆ ಅಂತರದಲ್ಲಿ. ನಮ್ಮ ಕಾಲೇಜಿನಲ್ಲಿ ಬೆಳಗಿನ ಪ್ರಾರ್ಥನೆಗೆ ನಿಲ್ಲುವ ಮಕ್ಕಳಿಗೆ ಓಟಿದ್ದಿದ್ದರೆ ಅವರೇ ಗೆಲ್ಲಿಸಿಬಿಡಬಹುದಾಗಿತ್ತು, ಅಷ್ಟೇ. ಪಕ್ಷದ ಮೇಲಿನವರು ಸೋಲಿನ ಕಾರಣ ತಿಳಿದು ವರದಿ ಕೊಡಿ ಎಂದು ರಾಮಶೇಷಯ್ಯ ಮೇಷ್ಟ್ರಿಗೆ ಹೇಳಿದರು. ಮೇಷ್ಟ್ರು ನನಗೆ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿದವರು, ಆಗ ನಿವೃತ್ತರಾಗಿ ರಾಜಾಜಿನಗರದಲ್ಲಿ ಇದ್ದರು. ಆ ಪಕ್ಷದಲ್ಲಿ ಅವರಿಗೆ ಯಾವ ಹುದ್ದೆಯೂ ಇರಲಿಲ್ಲ. ಆದರೆ ಯಾರಿಂದಲೂ ಏನೂ ಕೇಳಿದವರಲ್ಲವಾದ್ದರಿಂದ ಅವರ ಮಾತಿಗೆ ಒಂದು ಬೆಲೆ ಇತ್ತು. ಅವರಿಗೆ ಕೈ ನಡುಕ ಶುರುವಾಗಿತ್ತು. ಫೋನ್ ಮಾಡಿ, "ಸುಮಾ, ನಿನಗೆ ಪಕ್ಷವಿಲ್ಲ, ಕೈಬರಹ ಚೆನ್ನಾಗಿದೆ. ಸಂಜೆ ಹೊತ್ತು ಸ್ವಲ್ಪ ಬರ್ತೀಯೇನಮ್ಮ?" ಎಂದರು. ಹೋದೆ.

ಛತ್ರ ಆ ಪಕ್ಷದ ಸ್ಥಳೀಯ ಅಧ್ಯಕ್ಷ ಜಯರಾಮು ಅವರ ಭಾವಮೈದುನನದು. ಆಷಾಢವಾದ್ದರಿಂದ ಖಾಲಿ ಬಿದ್ದಿತ್ತು. ಹೊರಗೆ ದಿನವೂ ಜಿಟಿಜಿಟಿ ಮಳೆ. ಒಳಗೆ ಒಂದು ಉದ್ದದ ಮೇಜು, ಮೂರು ಕುರ್ಚಿ, ಗೋಡೆಗೆ ಒರಗಿಸಿಟ್ಟ ಥರ್ಮಾಕೋಲ್ ನವಿಲು. ಜಯರಾಮು ಮೊದಲ ದಿನವೇ ಬಂದು ಕೈಮುಗಿದು, "ಮೇಷ್ಟ್ರೇ, ಯಾರನ್ನ ಬೇಕಾದ್ರೂ ಕರೆಸ್ತೀನಿ. ಹೊನ್ನಪ್ಪಣ್ಣನ್ನ ಮಾತ್ರ ಬೇಡ. ಪಾಪ, ಗಾಯದ ಮೇಲೆ ಉಪ್ಪು ಹಾಕ್ದಂಗಾಗತ್ತೆ," ಎಂದರು. ಅದು ನ್ಯಾಯ ಅನ್ನಿಸಿ ಮೇಷ್ಟ್ರು ಒಪ್ಪಿದರು.

ಜನ ಬರತೊಡಗಿದರು. ಮೊದಲ ಸಂಜೆ ಬಂದವರು ಬಡಾವಣೆಯ ಪಾರ್ಕಿನಲ್ಲಿ ವಾಕಿಂಗ್ ಮಾಡುವ ಹಿರಿಯರ ಗುಂಪು. ಸ್ಲಮ್ಮಿನವರು ಕೊನೇ ಗಳಿಗೆಯಲ್ಲಿ ಕೈಕೊಟ್ಟರು ಎಂದು ಅವರ ಖಚಿತ ಅಭಿಪ್ರಾಯ. ಮಾರನೆಯ ದಿನ ಬಂದ ಕಾರ್ಮಿಕರ ಮುಖಂಡನೊಬ್ಬ ಬಡಾವಣೆಯವರ ಮೇಲೆಯೇ ಹೇಳಿದ. "ಸಾರ್, ಎಲೆಕ್ಷನ್ ದಿನ ಅವ್ರೆಲ್ಲ ಮಕ್ಳ ರಜಾ ಅಂತ ಊಟಿಗೆ ಹೋಗ್ಬಿಟ್ರು. ನಮ್ ಜನ ಬಿಸಿಲಲ್ಲಿ ಕ್ಯೂ ನಿಂತು ಹಾಕಿದ್ರು." ಯುವ ಘಟಕದ ಹುಡುಗರು ಹಿರಿಯರ ಹಳೇ ಪ್ರಚಾರದ ರೀತಿಯನ್ನು ದೂರಿದರು. ಹಿರಿಯರು, ಹುಡುಗರು ಬೈಕಿನಲ್ಲಿ ಬಾವುಟ ಹಿಡಿದು ತಿರುಗಿದ್ದು ಬಿಟ್ಟರೆ ಒಂದು ಮನೆಗೂ ಹೋಗಲಿಲ್ಲ ಎಂದರು. ಒಬ್ಬರು ಜಾತಿ ಎಂದರು. ಇನ್ನೊಬ್ಬರು, ಅದೇ ಜಾತಿಯವರು, ಜಾತಿ ಅಲ್ಲವೇ ಅಲ್ಲ, ಹೊನ್ನಪ್ಪನವರ ಅಣ್ಣನ ಮಗನ ದರ್ಪ ಎಂದರು. ಪೆಟ್ರೋಲ್ ಬೆಲೆ ಎಂದವರಿದ್ದರು. ಬೂತಿನ ಹತ್ತಿರ ಚರಂಡಿ ಅಗೆದು ಹಾಕಿದ್ದರು, ವಯಸ್ಸಾದವರು ದಾಟಲಾರದೆ ವಾಪಸ್ಸು ಹೋದರು ಎಂದವರೂ ಇದ್ದರು.

ನಾನು ಬರೆದುಕೊಳ್ಳುತ್ತಲೇ ಹೋದೆ. ನಾಲ್ಕೈದು ದಿನವಾದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಯಾರೂ ಆ ಕೋಣೆಯಲ್ಲಿ ಇದ್ದವರ ಮೇಲೆ ಹೇಳುತ್ತಿರಲಿಲ್ಲ. ಮೂವರು ಒಟ್ಟಿಗೆ ಬಂದರೆ ತಪ್ಪು ನಾಲ್ಕನೆಯವರದು. ಆ ನಾಲ್ಕನೆಯವರು ಬಂದಾಗ ತಪ್ಪು ಮತ್ತೆಲ್ಲಿಗೋ ಹೋಗುತ್ತಿತ್ತು. ಇದನ್ನು ಮೇಷ್ಟ್ರಿಗೆ ಹೇಳಿದೆ. ಅವರು ನಕ್ಕರು. "ಅವರು ಸುಳ್ಳು ಹೇಳ್ತಿಲ್ಲಮ್ಮ. ಎಲ್ಲಾರೂ ಹೇಳ್ತಿರೋದು ನಿಜವೇ. ಅಂತರ ಇಷ್ಟು ಚಿಕ್ಕದಾದಾಗ ಒಂದೊಂದು ಕಾರಣವೂ ಒಂಟಿಯಾಗೇ ಸೋಲಿಸೋಷ್ಟು ದೊಡ್ಡದಾಗಿಬಿಡತ್ತೆ. ಚರಂಡಿ ಮುಚ್ಚಿದ್ರೂ ಗೆಲ್ತಿದ್ರು, ಅಣ್ಣನ ಮಗ ಬಾಯಿ ಮುಚ್ಚಿದ್ರೂ ಗೆಲ್ತಿದ್ರು."

ಆದರೆ ಎರಡನೆಯ ವಾರದ ಹೊತ್ತಿಗೆ ಈ ಎಲ್ಲ ಕಾರಣಗಳೂ ಒಂದು ಕಡೆಗೆ ಹರಿಯತೊಡಗಿದವು. ಬಂದವರು ತಮ್ಮ ಕಾರಣವನ್ನು ಹೇಳಿ ಮುಗಿಸಿ, ಎದ್ದು ಬಾಗಿಲವರೆಗೆ ಹೋಗಿ, ತಿರುಗಿ ನಿಂತು, "ಅದೇನೇ ಇರ್ಲಿ ಸಾರ್, ಆಯಮ್ಮ ಆ ಕೆಲಸ ಮಾಡ್ದೇ ಇದ್ದಿದ್ರೆ..." ಎನ್ನುತ್ತಿದ್ದರು. ವಾಕ್ಯ ಮುಗಿಸುತ್ತಿರಲಿಲ್ಲ. ಮುಗಿಸುವ ಅಗತ್ಯವಿರಲಿಲ್ಲ. ಆಯಮ್ಮ ಎಂದರೆ ಯಾರು, ಆ ಕೆಲಸ ಎಂದರೆ ಯಾವುದು ಎಂದು ಟಿವಿ ನೋಡಿದವರಿಗೆಲ್ಲ ಗೊತ್ತಿತ್ತು.

ಮಹಾದೇವಿ ಮೂಡಲಪಾಳ್ಯದವರು. ಊರು ಗದಗದ ಕಡೆ. ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಾಗ ಮೊದಲು ಲಗ್ಗೆರೆಯಲ್ಲಿ ಇದ್ದು, ಆಮೇಲೆ ಇತ್ತ ಬಂದಿದ್ದರು. ಹೊಲಿಗೆ ಚೆನ್ನಾಗಿ ಬರುತ್ತಿತ್ತು. ಜಯರಾಮು ತಮ್ಮ ಕಟ್ಟಡದ ಕೆಳಗಿನ ಒಂದು ರೂಮನ್ನು ಪಕ್ಷದ ಹೆಸರಿನಲ್ಲಿ ಬಿಟ್ಟುಕೊಟ್ಟಿದ್ದರು. ಅಲ್ಲಿ ಆಕೆ ಓಣಿಯ ಹೆಂಗಸರಿಗೆ ಹೊಲಿಗೆ ಕಲಿಸಿ, ಗಾರ್ಮೆಂಟ್ಸ್ ಕೆಲಸ ತಂದು ಹೊಲಿಸುತ್ತಿದ್ದರು. ಆ ಹೆಂಗಸರೇ ಪಕ್ಷದ ಮಹಿಳಾ ಘಟಕ. ಸಭೆಯಿದ್ದರೆ ಒಂದು ಮಾತಿಗೆ ನಲವತ್ತು ಜನರನ್ನು ಕರೆತರುವ ಶಕ್ತಿ ಆಕೆಗಿತ್ತು. ಅವರ ಬೀದಿಗಳಿಗೆ ಕೊಳಾಯಿ ನೀರಿರಲಿಲ್ಲ. ವಾರಕ್ಕೊಮ್ಮೆ ಬರುವ ಟ್ಯಾಂಕರು ಹಳದಿ ನೀರು ಕೊಡುತ್ತಿತ್ತು. ವರ್ಷಗಟ್ಟಲೆ ಹೊನ್ನಪ್ಪನವರಿಗೆ ಅರ್ಜಿ ಕೊಟ್ಟಿದ್ದರು.

ಮತದಾನಕ್ಕೆ ಒಂದು ವಾರ ಇರುವಾಗ ಹೊನ್ನಪ್ಪನವರು ತೆರೆದ ಜೀಪಿನಲ್ಲಿ ಮೂಡಲಪಾಳ್ಯಕ್ಕೆ ಹೋದರು. ಆರತಿ ಎತ್ತಿ ಸ್ವಾಗತಿಸಬೇಕಾದವರು ಮಹಾದೇವಿ. ಆಕೆ ಆರತಿ ತಟ್ಟೆಯ ಬದಲು ಪ್ಲಾಸ್ಟಿಕ್ ಕೊಡ ಹೊತ್ತು ಬಂದು ಒಂದು ಲೋಟ ನೀರು ಬಗ್ಗಿಸಿ, "ಕುಡೀರಿ ಸರ, ಆಮ್ಯಾಲೆ ಓಟು ಕೇಳ್ರಿ," ಎಂದರು. ಹೊನ್ನಪ್ಪನವರು ತಮಾಷೆಯೆಂದುಕೊಂಡು ನಕ್ಕರು. ಜೊತೆಯಲ್ಲಿದ್ದ ಯಾರೋ ಆಕೆಯನ್ನು ಪಕ್ಕಕ್ಕೆ ತಳ್ಳಿದ. ಆಕೆ ಇಡೀ ಕೊಡವನ್ನು ಜೀಪಿನ ಮುಂದೆ ಸುರಿದುಬಿಟ್ಟರು. ಲೋಕಲ್ ಚಾನೆಲ್‌ನ ಕ್ಯಾಮೆರಾ ಅಲ್ಲಿತ್ತು. ಆ ಹಳದಿ ನೀರು ಜೀಪಿನ ಚಕ್ರದ ಕೆಳಗೆ ಹರಿದು ಹೋಗುವುದನ್ನು ಎರಡು ದಿನ ತೋರಿಸಿದರು.

ಮೇಷ್ಟ್ರು ಆಕೆಯನ್ನು ಕೊನೆಗೆ ಕರೆಸಿದರು. ಅಷ್ಟು ಹೊತ್ತಿಗೆ ಅವರು ಮತಗಟ್ಟೆವಾರು ಲೆಕ್ಕ ತರಿಸಿಕೊಂಡು ನೋಡಿದ್ದರು. ಮೂಡಲಪಾಳ್ಯದ ಬೂತುಗಳಲ್ಲಿ ಹೊನ್ನಪ್ಪನವರಿಗೆ ಹಿಂದಿನ ಸಲಕ್ಕಿಂತ ಹೆಚ್ಚು ಮತ ಬಿದ್ದಿತ್ತು. ಕಡಿಮೆಯಾಗಿದ್ದು ವಿಜಯನಗರದ ಬಡಾವಣೆಗಳಲ್ಲಿ. ಅಲ್ಲಿ ಜನ ಮನೆಯಿಂದಲೇ ಹೊರಟಿರಲಿಲ್ಲ. ಕೊಡ ಸುರಿದಿದ್ದಕ್ಕೂ ಸೋಲಿಗೂ ಸಂಬಂಧವಿಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಅದನ್ನು ಆಕೆಗೆ ಹೇಳಲು ಮೇಷ್ಟ್ರು ಒಂಥರಾ ಉತ್ಸಾಹದಲ್ಲಿದ್ದರು.

ಮಹಾದೇವಿ ಒದ್ದೆ ಛತ್ರಿಯನ್ನು ಬಾಗಿಲಲ್ಲಿ ಒರಗಿಸಿ ಒಳಗೆ ಬಂದರು. ಮೂವತ್ತೈದರ ಆಸುಪಾಸು, ಎಣ್ಣೆ ಹಚ್ಚಿ ಬಿಗಿದ ತುರುಬು, ನೇರ ನೋಟ.

"ಕೂತ್ಕೊಳಿಮ್ಮ," ಎಂದರು ಮೇಷ್ಟ್ರು.

"ನಿಂತ ಮಾತಾಡ್ತೀನ್ರಿ ಸರ. ಕುಂತ್ರ ಯಾಕೋ ತಪ್ಪು ಮಾಡಿದವರಂಗ ಅನಸ್ತೈತಿ."

"ಎಲ್ಲಾರೂ ನಿಮ್ಮ ಹೆಸರೇ ಹೇಳಿದಾರೆ. ಅದಕ್ಕೆ ಹೆದರಬೇಡಿ. ನಾನು ಲೆಕ್ಕ ನೋಡಿದೀನಿ. ನಿಮ್ಮ ಬೀದಿಗಳಲ್ಲಿ ಅವರಿಗೆ ಓಟು ಕಮ್ಮಿ ಆಗಿಲ್ಲ, ಜಾಸ್ತಿ ಆಗಿದೆ. ನೀವು ಮಾಡಿದ್ರಿಂದ ಏನೂ ಆಗಿಲ್ಲ."

"ಏನೂ ಆಗಿಲ್ಲ?"

"ಏನೇನೂ ಆಗಿಲ್ಲ."

ಆಕೆಯ ಮುಖದಲ್ಲಿ ಸಮಾಧಾನ ಕಾಣುತ್ತದೆ ಎಂದು ನಾನು ಕಾಯುತ್ತಿದ್ದೆ. ಮುಖ ಇನ್ನೂ ಬಿಗಿಯಿತು.

"ಹಂಗಂದ್ರ ಹೆಂಗ್ರಿ ಸರ? ಅರ್ಜಿ ಕೊಟ್ವಿ, ಏನೂ ಆಗಲಿಲ್ಲ. ಆಫೀಸಿನ ಮುಂದ ಕುಂತ್ವಿ, ಏನೂ ಆಗಲಿಲ್ಲ. ಆ ನೀರು ಕುಡದು ನನ್ನ ಮಗಳಿಗೆ ಕಾಮಾಲಿ ಆತು, ದವಾಖಾನ್ಯಾಗ ಕುಂತು ಅತ್ತೀನಿ, ಆಗೂ ಯಾರಿಗೂ ಏನೂ ಆಗಲಿಲ್ಲ. ಒಂದು ಕೊಡ ಚೆಲ್ಲಿದ ಮ್ಯಾಲೆ ಮೊದಲನೇ ಸಲ ಮಂದಿ ನಮ್ಮ ಓಣಿ ಹೆಸರು ತಗೊಂಡ್ರು. ಈಗ ನೀವು ಬಂದು ಅದರಿಂದಾನೂ ಏನೂ ಆಗಿಲ್ಲ ಅಂತೀರಿ."

"ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದಮ್ಮ. ನಿಮ್ಮ ಮೇಲೆ ಅಪವಾದ ಬರಬಾರದು ಅಂತ."

"ಬರಲಿ ಬಿಡ್ರಿ." ಆಕೆ ನನ್ನ ಕಡೆ ತಿರುಗಿದರು. "ಬರಕೋರಿ ಮೇಡಂ. ಮಹಾದೇವೀನ ಅವರನ್ನ ಸೋಲಿಸ್ಯಾಳ ಅಂತ ಬರಕೋರಿ."

ನಾನು ಪೆನ್ನು ಎತ್ತಿದ್ದೆ, ಬರೆಯಲಿಲ್ಲ. ಮೇಷ್ಟ್ರನ್ನು ನೋಡಿದೆ. ಅವರು ತಲೆಯಾಡಿಸಿ ಬೇಡವೆಂದರು. ಮಹಾದೇವಿ ಅದನ್ನು ಕಂಡರು. ಛತ್ರಿ ತೆಗೆದುಕೊಂಡು ಮೆಟ್ಟಿಲಿಳಿದು ಹೋದರು. ಮೇಷ್ಟ್ರು, "ನಾನೇನು ತಪ್ಪು ಹೇಳಿದೆ?" ಎಂದರು. ಅವರು ಕೇಳಿದ್ದು ನನ್ನನ್ನೋ ನವಿಲನ್ನೋ ಗೊತ್ತಾಗಲಿಲ್ಲ.

ವರದಿ ಶ್ರಾವಣದ ಮೊದಲ ವಾರ ಸಿದ್ಧವಾಯಿತು. ಅವರು ಹೇಳಿದರು, ನಾನು ಬರೆದೆ. ಸೋಲಿಗೆ ಕಾರಣಗಳು ಹಲವು, ಒಂದನ್ನು ಇನ್ನೊಂದರಿಂದ ಬಿಡಿಸಿ ತೂಗಲು ಆಗದು, ಯಾವ ಒಬ್ಬ ವ್ಯಕ್ತಿಯೂ ಇದಕ್ಕೆ ಹೊಣೆಯಲ್ಲ, ಮೂಡಲಪಾಳ್ಯದ ಘಟನೆಯಿಂದ ಮತ ಕಡಿಮೆಯಾಗಿಲ್ಲ ಎಂಬುದು ಅದರ ಸಾರ. ಕೊಡಲು ನಾವಿಬ್ಬರೂ ಪಕ್ಷದ ಕಚೇರಿಗೆ ಹೋದೆವು. ಮೇಲಿನ ಮುಖಂಡರೊಬ್ಬರು ಹಾಳೆ ತಿರುವಿ, ಕೊನೆಯ ಪುಟಕ್ಕೆ ಹೋಗಿ, ಮತ್ತೆ ಮೊದಲಿಗೆ ಬಂದು, "ಹೆಸರು ಯಾವ ಪೇಜಲ್ಲಿದೆ ಮೇಷ್ಟ್ರೇ?" ಎಂದು ಕೇಳಿದರು.

"ಹೆಸರು ಇಲ್ಲ."

"ಹೆಸರಿಲ್ದೆ ಕ್ರಮ ಹೆಂಗೆ ತಗೊಳ್ಳೋದು?"

"ಕ್ರಮ ತಗೊಳ್ಳಿ ಅಂತ ನಾನು ಹೇಳಿಲ್ಲವಲ್ಲ."

ಅವರು ಬಹಳ ಮರ್ಯಾದೆಯಿಂದ ಕಾಫಿ ಕೊಡಿಸಿ ಕಳಿಸಿದರು. ವಾರದೊಳಗೆ ಮಹಾದೇವಿಯನ್ನು ಆರು ವರ್ಷ ಪಕ್ಷದಿಂದ ಉಚ್ಚಾಟಿಸಿದ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಬಂತು. ಜಯರಾಮು ರೂಮಿಗೆ ಬೀಗ ಹಾಕಿಸಿದರು. ಹೊಲಿಗೆ ಮೆಷಿನ್ನುಗಳನ್ನು ಹೆಂಗಸರೇ ಮಳೆಯಲ್ಲಿ ಟಾರ್ಪಾಲು ಹೊದಿಸಿ ಆಟೋದಲ್ಲಿ ಸಾಗಿಸಿದರಂತೆ. ಕೆಲವರು ಕೆಲಸ ಬಿಟ್ಟು ಬೇರೆ ಕಡೆ ಹೋದರು. ಪಾರ್ಕಿನ ಹಿರಿಯರು, ಯುವ ಘಟಕದ ಹುಡುಗರು, ಅಣ್ಣನ ಮಗ, ಎಲ್ಲರೂ ಮತ್ತೆ ಒಂದೇ ವೇದಿಕೆಯಲ್ಲಿ ಕಾಣಿಸಿಕೊಂಡರು. ಸೋಲಿನ ಮಾತು ನಿಂತುಹೋಯಿತು. ಅಷ್ಟು ಜನರ ನಡುವಿನ ಜಗಳವನ್ನು ಒಂದು ಹೆಸರು ಮುಗಿಸಿತ್ತು ಎಂದು ನನಗೆ ಆಗ ಅನ್ನಿಸಿತು. ಮೇಷ್ಟ್ರಿಗೆ ಮಾತ್ರ ಇದು ಬಹಳ ದಿನ ಕೊರೆಯಿತು. "ಓದಿದ್ರೆ ಹೀಗೆ ಮಾಡ್ತಿರಲಿಲ್ಲ. ಓದೇ ಇಲ್ಲ ಅವರು," ಎನ್ನುತ್ತಿದ್ದರು.

ನಾನು ನಂತರ ಒಂದು ಶನಿವಾರ ಮೂಡಲಪಾಳ್ಯಕ್ಕೆ ಹೋದೆ. ರವಿಕೆ ಹೊಲಿಸುವುದು ನೆಪ. ಮಹಾದೇವಿ ಮನೆಯ ಮುಂದಿನ ವರಾಂಡದಲ್ಲಿ ಮೂರು ಮೆಷಿನ್ ಇಟ್ಟುಕೊಂಡಿದ್ದರು. ಅಳತೆ ತೆಗೆದುಕೊಂಡರು, ತೋಳು ಎಷ್ಟುದ್ದ ಎಂದು ಕೇಳಿದರು, ವರದಿಯ ಮಾತು ಎತ್ತಲಿಲ್ಲ. ಹೊಲಿಗೆ ಚೆನ್ನಾಗಿತ್ತು. ಆಮೇಲೆ ನನ್ನ ರವಿಕೆಗಳೆಲ್ಲ ಅಲ್ಲಿಯೇ ಆದವು. ನಡುನಡುವೆ ಆಕೆಯ ಮಗಳ ಪರೀಕ್ಷೆ, ನನ್ನ ಕಾಲೇಜು ಎಂದು ಮಾತು ಬೆಳೆಯಿತು. ಚುನಾವಣೆಯ ವಿಷಯಕ್ಕೆ ಮಾತ್ರ ನಾವಿಬ್ಬರೂ ಕೈಹಾಕಲಿಲ್ಲ.

ಮುಂದಿನ ಬೇಸಿಗೆ, ಪಿಯು ಪ್ರವೇಶದ ದಿನಗಳಲ್ಲಿ, ಹೊನ್ನಪ್ಪನವರೇ ನಮ್ಮ ಕಾಲೇಜಿಗೆ ಬಂದರು. ತಮ್ಮ ಡ್ರೈವರ್ ಮಗಳಿಗೆ ಸೀಟು ಬೇಕಿತ್ತು. ಪ್ರಾಂಶುಪಾಲರು ಹೊರಗೆ ಹೋಗಿದ್ದರಿಂದ ಅವರನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿದೆವು. ಬಿಳಿ ಅಂಗಿ ಅದೇ, ಹಿಂದೆ ಮುಂದೆ ಜನ ಇರಲಿಲ್ಲ. ಫ್ಯಾನಿನ ಕೆಳಗೆ ಬೆವರು ಒರೆಸಿಕೊಳ್ಳುತ್ತಾ ನನ್ನನ್ನೇ ನೋಡಿದರು.

"ನೀವು ರಾಮಶೇಷಯ್ಯ ಮೇಷ್ಟ್ರ ಜೊತೆ ಬರ್ಕೊತಿದ್ರಲ್ವಾ?"

"ಹೌದು ಸಾರ್."

"ಊರೆಲ್ಲಾ ಕೇಳಿದ್ರಿ, ನಾನ್ಯಾಕೆ ಸೋತೆ ಅಂತ. ನನ್ನೊಬ್ಬನ್ನ ಕೇಳಲಿಲ್ಲ ನೀವು."

ಅದರಲ್ಲಿ ಕೋಪವಿರಲಿಲ್ಲ. ಕಾಫಿ ಬಂತು. ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳತೊಡಗಿದರು. ಕೊಡ ಸುರಿದ ದಿನ ಮನೆಗೆ ಹೋಗಿ ಅವರು ಊಟ ಮಾಡಲಿಲ್ಲವಂತೆ. ಮಾರನೆಯ ಬೆಳಿಗ್ಗೆ ಮತ್ತೆ ಮೂಡಲಪಾಳ್ಯಕ್ಕೆ ಹೋದರು. ಅದರ ಮಾರನೆಯ ದಿನವೂ. ಪ್ರತಿ ಬೀದಿಗೂ ಒಳ್ಳೆಯ ನೀರಿನ ಟ್ಯಾಂಕರ್ ತರಿಸಿದರು. ಒಂದೊಂದು ಮನೆಯಲ್ಲೂ ಕೂತು, ಅವರು ಕೊಟ್ಟ ನೀರು ಕುಡಿದರು. ವಿಜಯನಗರದ ಕಡೆ ಅಪಾರ್ಟ್‌ಮೆಂಟುಗಳಲ್ಲಿ, ಬಡಾವಣೆಗಳಲ್ಲಿ ಆ ವಾರ ಪೂರ್ತಿ ಸಭೆಗಳು ನಿಗದಿಯಾಗಿದ್ದವು. ಒಂದಕ್ಕೂ ಹೋಗಲಿಲ್ಲ.

"ಅವರು ನಮ್ಮನೆಯೋರು, ಎಲ್ಲೋಗ್ತಾರೆ ಅಂದ್ಕೊಂಡೆ. ಅಣ್ಣನ ಮಗನ್ನ ಕಳಿಸ್ದೆ. ಅವನು ಹೋಗಿ ಏನೇನು ಮಾತಾಡಿದ್ನೋ. ಅವರು ಮುನಿಸ್ಕೊಂಡು ಮನೇಲೇ ಕೂತ್ಬಿಟ್ರು."

"ಜಯರಾಮು ಅವರು ಹೇಳಲಿಲ್ವಾ ನಿಮಗೆ, ಆ ಕಡೆ ಬನ್ನಿ ಅಂತ?"

"ದಿನಾ ಹೇಳ್ದ. ನಾನೇ ಕೇಳಲಿಲ್ಲ. ಆ ಹೆಣ್ಮಗಳ ಮುಖ ಕಣ್ಮುಂದೆ ಬರ್ತಿತ್ತಮ್ಮ. ಅವಳು ನನ್ನ ಓಟು ಕಳೀಲಿಲ್ಲ, ನನ್ನ ನಿದ್ದೆ ಕಳೆದ್ಳು. ಹಂಗಂತ ಅವಳು ಸೋಲಿಸಿದ್ಳು ಅನ್ನಕ್ಕಾಗತ್ತಾ? ದಿನಾ ಅಲ್ಲಿಗೆ ಹೋಗಿದ್ದು ನನ್ನ ಕಾಲು."

ಪ್ರಾಂಶುಪಾಲರು ಬಂದರು. ಹೊನ್ನಪ್ಪನವರು ಎದ್ದು ಹೋದರು. ಹುಡುಗಿಗೆ ಸೀಟು ಸಿಕ್ಕಿತು.

ನಾನು ಸಂಜೆ ನೇರವಾಗಿ ರಾಜಾಜಿನಗರಕ್ಕೆ ಹೋಗಿ ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಮೂಡಲಪಾಳ್ಯದಲ್ಲಿ ಮತ ಹೆಚ್ಚಾಗಿದ್ದು, ಬಡಾವಣೆಯಲ್ಲಿ ಕಡಿಮೆಯಾಗಿದ್ದು, ಎರಡಕ್ಕೂ ಈಗ ಒಂದೇ ಬೇರು ಕಾಣುತ್ತಿತ್ತು. ಆಕೆಯಿಂದ ಏನೂ ಆಗಿಲ್ಲ ಎನ್ನಲು ನಾವು ಹಿಡಿದ ಸಾಕ್ಷಿಯೇ ಆಕೆಯಿಂದ ಎಲ್ಲವೂ ಆಯಿತು ಎನ್ನಲು ಒದಗುತ್ತಿತ್ತು.

"ಹಾಗಾದ್ರೆ ಅವಳು ಹೇಳಿದ್ದೇ ಸರಿ," ಎಂದರು ಕೊನೆಗೆ. ಸ್ವಲ್ಪ ತಡೆದು, "ಪೂರ್ತಿ ಸರಿ ಅಂತಲೂ ಅಲ್ಲ. ಹೊನ್ನಪ್ಪ ಅವತ್ತು ಒಂದು ಲೋಟ ನೀರು ಕುಡಿದಿದ್ರೆ ಮುಗೀತಿತ್ತು. ಪಕ್ಕದಲ್ಲಿದ್ದೋನು ತಳ್ಳದೇ ಇದ್ದಿದ್ರೆ ಮುಗೀತಿತ್ತು. ಆದ್ರೆ ನಾನು ಬರೆದಿದ್ದು ತಪ್ಪು. ಏನೂ ಆಗಿಲ್ಲ ಅಂತ ಬರೆದಿದೀನಲ್ಲ, ಅದು ತಪ್ಪು. ಅದನ್ನ ತಿದ್ದಬೇಕು. ಮೊದಲು ಅವಳಿಗೆ ಹೇಳಬೇಕು."

ಮುಂದಿನ ಭಾನುವಾರ ಬೆಳಿಗ್ಗೆ ಮೇಷ್ಟ್ರನ್ನು ಆಟೋದಲ್ಲಿ ಕೂರಿಸಿಕೊಂಡು ಮೂಡಲಪಾಳ್ಯಕ್ಕೆ ಹೋದೆ. ಮುಂಗಾರು ಇನ್ನೂ ಹಿಡಿದಿರಲಿಲ್ಲ, ಮೋಡ ಮಾತ್ರ ಕವಿದಿತ್ತು. ಮಹಾದೇವಿ ನಮ್ಮನ್ನು ನೋಡಿ ಗಡಿಬಿಡಿಯಿಂದ ಕುರ್ಚಿ ತಂದರು. ವರಾಂಡದಲ್ಲಿ ಈಗ ಐದು ಮೆಷಿನ್ ಇದ್ದವು. ಗೋಡೆಯ ಪಕ್ಕದಲ್ಲಿ ಒಂದು ಸ್ವೀಟಿನ ಡಬ್ಬ, ಇನ್ನೂ ದಾರ ಬಿಚ್ಚದ್ದು. ಚಹಾ ಬಂತು. ಮೇಷ್ಟ್ರು ಲೋಟ ಕೆಳಗಿಟ್ಟು, ತರಗತಿಯಲ್ಲಿ ನಿಂತು ಹೇಳುವ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ವಿವರಿಸಿದರು. ಹೊನ್ನಪ್ಪನವರ ಆ ಒಂದು ವಾರ, ಟ್ಯಾಂಕರುಗಳು, ನಡೆಯದ ಸಭೆಗಳು, ಮನೆಯಲ್ಲೇ ಕೂತ ಬಡಾವಣೆಯವರು.

"ಅವತ್ತು ನೀವು ಬರಕೊಳ್ಳಿ ಅಂದ್ರಿ. ನಾನು ಬೇಡ ಅಂದೆ. ನೀವು ಹೇಳಿದ್ದು ನಿಜ ಇತ್ತು. ನಿಮ್ಮಿಂದ ಆಗಿದೆ. ನಾನು ತಿದ್ದುಪಡಿ ಬರೆದು ಕಳಿಸ್ತೀನಿ."

ಮಹಾದೇವಿ ಬೀದಿ ಬಾಗಿಲ ಕಡೆ ನೋಡಿದರು. ಎದ್ದು ಹೋಗಿ ಬಾಗಿಲನ್ನು ಅರ್ಧ ಮುಂದೆ ಮಾಡಿ ಬಂದು, ಮೇಷ್ಟ್ರ ಕಾಲಿನ ಹತ್ತಿರ ನೆಲದ ಮೇಲೆ ಕೂತರು.

"ಸರ, ಕೈ ಮುಗೀತೀನ್ರಿ. ಈಗ ಆ ಮಾತು ಎಲ್ಲೂ ಆಡಬ್ಯಾಡ್ರಿ."

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಆಕೆ ತಗ್ಗಿದ ದನಿಯಲ್ಲಿ ಹೇಳಿದರು. ಪಾಲಿಕೆಯ ಚುನಾವಣೆ ಹತ್ತಿರ ಬರುತ್ತಿತ್ತು. ಈ ಕಡೆಯ ವಾರ್ಡು ಮಹಿಳೆಗೆ ಮೀಸಲಾಗುತ್ತದೆ ಎಂಬ ಮಾತಿತ್ತು. ಪಕ್ಷಕ್ಕೆ ಇಲ್ಲಿ ನಿಲ್ಲಿಸಲು ಬೇರೆ ಹೆಂಗಸು ಇರಲಿಲ್ಲ. ಜಯರಾಮು ಹಿಂದಿನ ಸಂಜೆಯಷ್ಟೇ ಬಂದು, ಅಕ್ಕಾ ಎಂದು ಕರೆದು, ಸ್ವೀಟು ಕೊಟ್ಟು ಹೋಗಿದ್ದರು.

"ಉಚ್ಚಾಟನೆ ತಗೀಬೇಕಂದ್ರ ಮ್ಯಾಲಿನವರಿಗೆ ಒಂದು ಕಾರಣ ಬೇಕಂತ್ರಿ. ಅದಕ್ಕ ಜಯರಾಮಣ್ಣ ನಿಮ್ಮ ವರದಿ ಹುಡುಕಿ ತಗದು ತೋರಿಸ್ಯಾರ. ಆಕಿ ಮಾಡಿದ್ದರಿಂದ ಏನೂ ಆಗಿಲ್ಲ ಅಂತ ಮೇಷ್ಟ್ರ ಬರದಾರ, ನೋಡ್ರಿ ಅಂತ. ಅವರು ಓದಿ ಹೂಂ ಅಂದಾರಂತ್ರಿ. ಈಗ ನೀವು ಅದನ್ನ ತಿದ್ದಿ ಕಳಿಸಿದ್ರ..."

ಒಳಗಿನಿಂದ ಆಕೆಯ ಮಗಳು ಪಾಠ ಉರುಹೊಡೆಯುವ ದನಿ ಕೇಳುತ್ತಿತ್ತು.

"ಹೋದ ವರ್ಷ ನೀವೇ ಹೇಳಿದ್ರಲ್ಲಮ್ಮ, ನಾನೇ ಸೋಲಿಸಿದ್ದು ಅಂತ ಬರಕೊಳ್ಳಿ ಅಂತ."

"ಹೌದ್ರಿ ಸರ. ಅವತ್ತು ನನ್ನ ಕೈಯಾಗ ಅದೊಂದ ಇತ್ತು. ಅದನ್ನೂ ಕಸಗೊಳ್ಳಾಕ ಬಂದ್ರಲ್ಲ ಅಂತ ಸಿಟ್ಟು ಬಂತು. ಈಗ ಬ್ಯಾರೆ ಒಂದು ಬರಾಕ ಹತ್ತೈತಿ. ವಾರ್ಡು ಕೈಗೆ ಬಂದ್ರ ಪೈಪು ಹಾಕಸ್ತೀನ್ರಿ. ನಿಮ್ಮ ಲೆಕ್ಕ ತಪ್ಪಿದ್ರ ತಪ್ಪಿರಲಿ, ಹಂಗ ಇರಲಿ ಬಿಡ್ರಿ."

ಮೇಷ್ಟ್ರು ಆಕೆಯ ತಲೆಯ ಮೇಲೆ ಕೈಯಿಟ್ಟು ಎದ್ದರು. ಆಟೋ ಅತ್ತಿಗುಪ್ಪೆ ದಾಟಿದ ಮೇಲೆ, "ಮೂವತ್ತು ವರ್ಷ ಪಾಠ ಮಾಡ್ದೆ ಸುಮಾ," ಎಂದರು. "ಕಾರಣ ಅನ್ನೋದು ಹಿಂದೆ ಇರತ್ತೆ, ಹುಡುಕಬೇಕು ಅಂತ. ಇವರೆಲ್ಲ ಅದನ್ನ ಮುಂದಿನ ಕೆಲಸಕ್ಕೆ ಇಟ್ಕೊಂಡಿದಾರೆ." ಆ ಮಾತು ತಮಗೇ ಇಷ್ಟವಾಗದವರ ಹಾಗೆ ಮುಖ ತಿರುಗಿಸಿ ರಸ್ತೆ ನೋಡಿದರು.

ಅವರು ತಿದ್ದುಪಡಿ ಬರೆಸಲಿಲ್ಲ. ನಾನೂ ಕೇಳಲಿಲ್ಲ. ಮಹಾದೇವಿಯ ಉಚ್ಚಾಟನೆ ರದ್ದಾಯಿತು, ಟಿಕೆಟ್ಟು ಸಿಕ್ಕಿತು. ಹೊನ್ನಪ್ಪನವರು ಆಕೆಯ ಪರವಾಗಿ ಮನೆಮನೆಗೆ ಬಂದರು. ಈ ಸಲ ಬಡಾವಣೆಯ ಬೀದಿಗಳನ್ನೂ ಬಿಡಲಿಲ್ಲ.

ಎಣಿಕೆಯ ದಿನ ನಾನು ಮೇಷ್ಟ್ರ ಮನೆಯಲ್ಲಿದ್ದೆ. ಮಧ್ಯಾಹ್ನದ ಹೊತ್ತಿಗೆ ಆಕೆ ಗೆದ್ದ ಸುದ್ದಿ ಬಂತು. ಲೋಕಲ್ ಚಾನೆಲ್‌ನವರು ಆಗಲೇ ಮೂವರನ್ನು ಕೂರಿಸಿಕೊಂಡು ಆಕೆ ಯಾಕೆ ಗೆದ್ದರು ಎಂದು ಚರ್ಚೆ ಶುರುಮಾಡಿದ್ದರು. ಒಬ್ಬರು ಜಯರಾಮು ಅವರ ತಂತ್ರ ಎಂದರು. ಇನ್ನೊಬ್ಬರು ಉತ್ತರ ಕರ್ನಾಟಕದವರ ಮತ ಎಂದರು. ಮೂರನೆಯವರು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ರಿಮೋಟು ತೆಗೆದುಕೊಂಡು, ನಡುಗುವ ಬೆರಳಲ್ಲಿ ಎರಡು ಮೂರು ಸಲ ಒತ್ತಿ, ದನಿಯನ್ನು ಪೂರ್ತಿ ನಿಲ್ಲಿಸಿದರು.

"ಮಾತು ಸಾಕು. ಮುಖ ನೋಡೋಣ," ಎಂದರು.

ಪರದೆಯ ಅರ್ಧ ಭಾಗದಲ್ಲಿ ಆ ಮೂವರ ಬಾಯಿಗಳು ಸುಮ್ಮನೆ ಆಡುತ್ತಿದ್ದವು. ಇನ್ನರ್ಧದಲ್ಲಿ ಮಹಾದೇವಿ ಇದ್ದರು. ಯಾರೋ ಎರಚಿದ ಗುಲಾಲು ಕಣ್ಣಿಗೆ ಹೋಗಿ, ಸೆರಗಿನಿಂದ ಒರೆಸಿಕೊಳ್ಳುತ್ತಾ, ಒಂದೇ ಕಣ್ಣು ತೆರೆದು ನಗುತ್ತಿದ್ದರು.